ನಂಬಿಕೆಯನ್ನು ಕೇಳದ ಧರ್ಮವಿದ್ಯೆ

ಧರ್ಮವನ್ನು ಕುರಿತು ಡಾಕ್ಟರೇಟ್ ಪದವಿಗಾಗಿ ವ್ಯಾಸಂಗ ಮಾಡಬೇಕೆಂದು ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದ ವಿದ್ಯಾರ್ಥಿಯನ್ನು ಅಲ್ಲಿಯ ಪಂಡಿತರು, ನೀನು ಯಾವ ಮತದವನು, ನಿನ್ನ ಇಷ್ಟದೈವ ಯಾವುದು ಎಂದು ಕೇಳುವುದಿಲ್ಲ. ಯಾವ ಯಾವ ಭಾಷೆಗಳನ್ನು ಬಲ್ಲೆ, ಇನ್ನು ಯಾವುವನ್ನು ಕಲಿಯಲು ಸಿದ್ಧನಿರುವೆ ಎಂದು ಕೇಳುತ್ತಾರೆ. ದೀಕ್ಷೆಯಾಗದವನಿಗೆ ಶಾಸ್ತ್ರವನ್ನು ಹೇಳಿಕೊಡದ ಸಂಪ್ರದಾಯವನ್ನು ಕಂಡ ನಮಗೆ ಇದು ತುಸು ವಿಚಿತ್ರವಾಗಿ ತೋರಬಹುದು. ಆದರೆ ಆ ದೇಶಕ್ಕೂ ಈ ಪದ್ಧತಿ ಒಮ್ಮೆಗೇ ಒದಗಿ ಬಂದುದಲ್ಲ.

ರಾಕ್‌ಫೆಲರನ ಧನಸಹಾಯದಿಂದ ಹುಟ್ಟಿ, 1892ರ ಅಕ್ಟೋಬರಿನಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದ ಆ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಹತ್ತೊಂಬತ್ತು ವರ್ಷ ತುಂಬುವ ಮುನ್ನವೇ ಯೇಲ್‌ನಲ್ಲಿ ಡಾಕ್ಟರೇಟ್ ಪಡೆದ, ಹೀಬ್ರೂ ಭಾಷೆಯ ಬೋಧನೆಯನ್ನೇ ಜೀವನವ್ರತವಾಗಿ ಹಿಡಿದಿದ್ದ ಪಂಡಿತ. ಬ್ಯಾಪ್ಟಿಸ್ಟ್ ಪಂಥದ ಪಾದ್ರಿಗಳನ್ನು ತಯಾರುಮಾಡುತ್ತಿದ್ದ ಮಾರ್ಗನ್ ಪಾರ್ಕಿನ ಪಾಠಶಾಲೆಯನ್ನು ವಿಶ್ವವಿದ್ಯಾನಿಲಯದೊಳಗೆ ಸೇರಿಸಿಕೊಂಡು ಅದನ್ನು ಡಿವಿನಿಟಿ ಸ್ಕೂಲ್ ಆಗಿಸಿದವನೂ ಅವನೇ. ಅಧ್ಯಕ್ಷನೂ ಆಡಳಿತಮಂಡಲಿಯ ಬಹುಪಾಲು ಸದಸ್ಯರೂ ಬ್ಯಾಪ್ಟಿಸ್ಟರಾಗಿರತಕ್ಕದ್ದೆಂದು ಶಾಸನಮಾಡಿದ ಸ್ಥಾಪಕರೇ, ಅಧ್ಯಾಪಕನಾಗುವವನಿಗೆ ಮತದ ಪರೀಕ್ಷೆ ಬೇಡವೆಂದೂ ಬರೆದಿಟ್ಟರು. ಧನಿಕನ ಪಂಥವನ್ನು ಗೌರವಿಸುತ್ತಲೇ ವಿದ್ವಾಂಸನನ್ನು ಬಿಡುಗಡೆಮಾಡಿದ ಈ ಜಾಣ್ಮೆ ಮೆಚ್ಚತಕ್ಕದ್ದು.

ಮರುವರ್ಷ ಅದೇ ನಗರದಲ್ಲಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನೆರೆಯಿತು. ಅದರ ಉತ್ಸಾಹದಿಂದ ಕ್ಯಾರೊಲಿನ್ ಹ್ಯಾಸ್ಕೆಲ್ ಎಂಬ ಮಹಿಳೆ ಉಪನ್ಯಾಸಗಳಿಗಾಗಿ ದತ್ತಿಯನ್ನಿತ್ತರು. ಸಮ್ಮೇಳನವನ್ನು ನಡೆಸಿದ ಜಾನ್ ಹೆನ್ರಿ ಬ್ಯಾರೋಸ್ ಆ ದತ್ತಿಯ ಬಲದಿಂದಲೇ 1896ರಲ್ಲಿ ಭಾರತಕ್ಕೆ ಬಂದು ಉಪನ್ಯಾಸಗಳನ್ನು ಕೊಟ್ಟರಾದರೂ, ಅವುಗಳ ತಾತ್ಪರ್ಯ ಕ್ರೈಸ್ತಧರ್ಮವೇ ವಿಶ್ವಧರ್ಮವೆಂಬುದು. ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಸಾಕ್ಷಿಗಳನ್ನು ಕರೆಯುವ ತೌಲನಿಕ ವಿದ್ಯೆ ಅಂದಿನದು.

ಈ ಮನೋಧರ್ಮ ಮಾರ್ಪಡುವುದಕ್ಕೆ ಹೊರಗಿನಿಂದ ಬಂದ ಇಬ್ಬರು ಕಾರಣರಾದರು. ಯಹೂದಿ ಮೂಲದವರೆಂಬ ಕಾರಣಕ್ಕೆ 1935ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಹುದ್ದೆಯನ್ನು ಕಳೆದುಕೊಂಡ ಯೋಆಖಿಂ ವಾಖ್, 1945ರಲ್ಲಿ ಶಿಕಾಗೋಕ್ಕೆ ಬಂದು, ಧರ್ಮಗಳನ್ನು ತೂಗಿ ನೋಡುವ ಬದಲು ಅವುಗಳನ್ನು ಅರಿಯುವುದೇ ಪಂಡಿತನ ಕರ್ತವ್ಯವೆಂದು ಬೋಧಿಸಿದರು. 1955ರಲ್ಲಿ ಅವರು ತೀರಿಕೊಂಡ ಬಳಿಕ ಆ ಪೀಠಕ್ಕೆ ಬಂದವರು ರುಮೇನಿಯದ ಮಿರ್ಚಾ ಎಲಿಯಾಡೆ. ಕಾಸಿಂಬಜಾರದ ಮಹಾರಾಜರ ವಿದ್ಯಾರ್ಥಿವೇತನದಿಂದ 1928ರಲ್ಲಿ ಕಲ್ಕತ್ತೆಗೆ ಬಂದು, ಸುರೇಂದ್ರನಾಥ ದಾಸಗುಪ್ತರಲ್ಲಿ ಶಿಷ್ಯವೃತ್ತಿ ಮಾಡಿ, ಸ್ವದೇಶಕ್ಕೆ ಹಿಂದಿರುಗಿ ಯೋಗವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದಿದ್ದ ಇವರ ಪಾಂಡಿತ್ಯದ ಬೇರೊಂದು ನಮ್ಮ ನೆಲದಲ್ಲಿಯೂ ಇತ್ತೆನ್ನಬೇಕು.

ಇಷ್ಟಾದರೂ ಈ ವಿದ್ಯೆ ಕೆಲವರ ಹವ್ಯಾಸವಾಗಿಯೇ ಉಳಿಯುತ್ತಿತ್ತೇನೋ. ಅದಕ್ಕೆ ಅನ್ನದ ದಾರಿಯನ್ನು ತೆರೆದುದು ನ್ಯಾಯಾಲಯ. ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠನದ ವಿಧಿ ಸಲ್ಲದೆಂದು 1963ರಲ್ಲಿ ತೀರ್ಪಿತ್ತ ಅಲ್ಲಿಯ ಸುಪ್ರೀಂ ಕೋರ್ಟು, ಧರ್ಮವನ್ನು ಆಚರಿಸುವುದು ಬೇರೆ, ಧರ್ಮದ ವಿಷಯವನ್ನು ಬೋಧಿಸುವುದು ಬೇರೆ ಎಂಬ ಭೇದವನ್ನು ಎತ್ತಿ ತೋರಿಸಿತು. ಸರ್ಕಾರಿ ವಿಶ್ವವಿದ್ಯಾನಿಲಯಗಳು ಧೈರ್ಯದಿಂದ ಧರ್ಮಾಧ್ಯಯನ ವಿಭಾಗಗಳನ್ನು ತೆರೆದವು. ವಿಭಾಗಗಳಿಗೆ ಅಧ್ಯಾಪಕರು ಬೇಕಾದರು.

ಆ ಅಧ್ಯಾಪಕನಾಗುವ ದಾರಿ ಸುಗಮವಲ್ಲ. ಸಾಮಾನ್ಯವಾಗಿ ಫ್ರೆಂಚ್, ಜರ್ಮನ್ ಗ್ರಂಥಗಳನ್ನು ಓದಬಲ್ಲೆನೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಹಿಂದೂಧರ್ಮವನ್ನು ಆರಿಸಿಕೊಂಡವನು ಸಂಸ್ಕೃತದ ಜೊತೆಗೆ ದೇಶಭಾಷೆಯೊಂದನ್ನು ಕಲಿಯಬೇಕು. ಅರ್ಹತಾಪರೀಕ್ಷೆಗಳು ಮುಗಿದು ಪ್ರಬಂಧದ ವಿಷಯ ಒಪ್ಪಿತವಾಗುವ ವೇಳೆಗೆ ಹಲವು ವರ್ಷಗಳು ಸಂದಿರುತ್ತವೆ. ಹರಿಹರನ ರಗಳೆಯೊಂದನ್ನು ಮುಂದಿಟ್ಟುಕೊಂಡು, ಬಾಸೆಲ್ ಮಿಷನ್ನಿನ ಕಿಟ್ಟೆಲರು 1894ರಲ್ಲಿ ಹೊರತಂದ ನಿಘಂಟಿನ ಪುಟಗಳನ್ನು ಮಗುಚುತ್ತ, ಸಂಧಿಯನ್ನು ಬಿಡಿಸಿ, ಹಳಗನ್ನಡದ ಪ್ರತ್ಯಯವನ್ನು ಗುರುತಿಸಿ, ಒಂದು ಸಾಲನ್ನು ದಾಟುವಷ್ಟರಲ್ಲಿ ಸಂಜೆಯಾಗುವ ವಿದ್ಯಾರ್ಥಿಯ ತಪಸ್ಸು ಮಠದ ವಟುವಿನದಕ್ಕಿಂತ ಕಡಮೆಯೇನಲ್ಲ. ಯಾವ ಮತದವನೆಂದು ಯಾರೂ ಕೇಳದ ಈ ವಿದ್ಯಾರ್ಥಿಗೆ ಮಿಷನರಿಯ ನಿಘಂಟು ಊರುಗೋಲಾಯಿತೆಂಬುದು ಚರಿತ್ರೆಯ ವಿನೋದ! ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿಯೇ ಅಧ್ಯಾಪಕರಾಗಿದ್ದು, 1973ರಲ್ಲಿ ವಚನಗಳನ್ನು ಇಂಗ್ಲಿಷಿನಲ್ಲಿ ಹೊರತಂದ ಮೇಲೆ ಕನ್ನಡಕ್ಕೆ ಈ ಕ್ಷೇತ್ರದಲ್ಲಿ ಮನ್ನಣೆ ಹೆಚ್ಚಿತು; ಹರಿಹರನ ರಗಳೆಗಳನ್ನೇ ಆಧರಿಸಿದ ಗಿಲ್ ಬೆನ್-ಹೆರುತ್ ಅವರ ಗ್ರಂಥವನ್ನು 2018ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು.

ನಮ್ಮ ದೇಶದಲ್ಲಿ ಧರ್ಮಾಧ್ಯಯನವೆಂಬ ಹೆಸರಿನ ವಿಭಾಗಗಳು ಬೆಳೆದುದು ಅಲ್ಪ. 1967ರಲ್ಲಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯ ತೆರೆದುದು ವಿರಳ ನಿದರ್ಶನ. ಕರ್ನಾಟಕದಲ್ಲಿ ವಚನ, ದಾಸಸಾಹಿತ್ಯ, ಜೈನಪುರಾಣಗಳನ್ನು ಕುರಿತ ಪಿಎಚ್‌.ಡಿ. ಪ್ರಬಂಧಗಳು ಬಹುಮಟ್ಟಿಗೆ ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುತ್ತವೆ. ಅದರಲ್ಲಿ ದೋಷವೇನೂ ಇಲ್ಲ, ಗ್ರಂಥವು ಅದರ ಭಾಷೆಯೊಡನೆಯೇ ಇರುವುದು ಲೇಸು. ಆದರೆ ಶಿಕಾಗೋದವರು ಮತದ ಪ್ರಶ್ನೆಯನ್ನು ಬಿಟ್ಟು ಭಾಷೆಯ ಪ್ರಶ್ನೆಯನ್ನು ಬಿಗಿಹಿಡಿದಂತೆ ನಾವೂ ಹಿಡಿಯಬೇಕಾಗಿತ್ತು. ತಮಿಳು ನಾಡಿನ ಅರವತ್ತಮೂವರು ಶಿವಭಕ್ತರ ಕಥೆಗಳನ್ನು ಕನ್ನಡಿಸಿದ ಹರಿಹರನ ಮೇಲೆ ಪ್ರಬಂಧ ಬರೆಯುವವನಿಗೆ, ಆ ಭಕ್ತರ ಚರಿತೆಯಾದ ಪೆರಿಯಪುರಾಣವನ್ನು ಮೂಲದಲ್ಲಿ ಓದುವಷ್ಟು ತಮಿಳನ್ನು ಕಡ್ಡಾಯಗೊಳಿಸಲು ಹೊಸ ವಿಭಾಗವೂ ಬೇಡ, ಹೊಸ ಕಟ್ಟಡವೂ ಬೇಡ. ಹತ್ತಿರದ ಊರಿನಿಂದ ತಮಿಳು ಪಂಡಿತರೊಬ್ಬರನ್ನು ಕರೆಸಿದರೆ ಸಾಕು.