ಸಹಾಯಾರ್ಥ ಮೇಳದಲ್ಲಿ ಗಾಡಿ ಸವಾರಿ: ಟಿಕೆಟ್ ಹರಿಯುವ ಮುನ್ನ ತಿಳಿದಿರಲಿ



ಮಕ್ಕಳ ಶಾಲೆ ಫೀಸಿಗೋ, ಕಾಯಿಲೆ ಬಿದ್ದ ಸದಸ್ಯೆಯ ಔಷಧಿಗೋ ಹಣ ಕೂಡಿಸಲು ನಮ್ಮ ಸಂಘಗಳು ಮೇಳ ನಡೆಸುತ್ತವೆ. ತಿಂಡಿ ಅಂಗಡಿ, ಉಪ್ಪಿನಕಾಯಿ ಮಾರಾಟದ ಜೊತೆಗೆ, "ಮಕ್ಕಳನ್ನ ಜೀಪಲ್ಲಿ ಒಂದು ಸುತ್ತು ಹಾಕಿಸೋಣ, ತಲೆಗೆ 20 ರೂಪಾಯಿ ತಗೊಳ್ಳೋಣ" ಎಂಬ ಸಲಹೆಯೂ ಬರುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕಾನೂನು ಕೇಳುವುದಿಲ್ಲ. ಸವಾರಿಗೆ ಹಣ ಪಡೆದಿರಾ ಎಂದು ಕೇಳುತ್ತದೆ.

ಹಣ ಪಡೆದರೆ ಏನಾಗುತ್ತದೆ?

1988ರ ಮೋಟಾರು ವಾಹನ ಕಾಯ್ದೆಯಂತೆ, ಬಾಡಿಗೆ ಅಥವಾ ಪ್ರತಿಫಲ ಪಡೆದು ಜನರನ್ನು ಕರೆದೊಯ್ಯುವ ಗಾಡಿ ಸಾರ್ವಜನಿಕ ಸೇವಾ ವಾಹನ. 66ನೇ ಕಲಮಿನ ಪ್ರಕಾರ ಅದಕ್ಕೆ ಪರ್ಮಿಟ್ ಬೇಕು. ಮನೆ ಬಳಕೆಯ ಬಿಳಿ ಬೋರ್ಡ್ ಗಾಡಿಗೆ ಪರ್ಮಿಟ್ ಇರುವುದಿಲ್ಲ. 2019ರ ತಿದ್ದುಪಡಿಯ ನಂತರ, ಪರ್ಮಿಟ್ ಇಲ್ಲದೆ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದು ಕಾಯ್ದೆ ಹೇಳುತ್ತದೆ.

"ಟಿಕೆಟ್ ಅನ್ನೋದು ಬೇಡ, ಕಾಣಿಕೆ ಅಂದ್ರಾಯ್ತು" ಎನ್ನಬಹುದು. ಕೊಟ್ಟವರಿಗೆ ಮಾತ್ರ ಸವಾರಿ ಎಂದಾದರೆ ಹೆಸರು ಬದಲಾಯಿತೇ ಹೊರತು ವ್ಯವಹಾರ ಬದಲಾಗಲಿಲ್ಲ. ಜನ ಓಡಾಡುವ ಮೈದಾನದಲ್ಲಿ ಓಡಿಸಿದರೂ ಕಾನೂನು ತಪ್ಪಿತು ಎಂದುಕೊಳ್ಳಬೇಡಿ.

ದಂಡಕ್ಕಿಂತ ದೊಡ್ಡ ಭಯ ವಿಮೆಯದು

ದಂಡವನ್ನು ಹೇಗೋ ಕಟ್ಟಬಹುದು. ಗಾಡಿ ಮಗುಚಿ ಒಂದು ಮಗುವಿಗೆ ಪೆಟ್ಟಾದರೆ? ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದೀರಿ ಎಂದು ವಿಮಾ ಕಂಪನಿ ಕೈ ಎತ್ತಲು ಕಾನೂನಿನಲ್ಲೇ ಅವಕಾಶವಿದೆ. ಕೋರ್ಟು ಕಂಪನಿಯಿಂದ ಮೊದಲು ಪರಿಹಾರ ಕೊಡಿಸಿದರೂ, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಹೇಳಬಹುದು. ಪ್ರೀತಿಯಿಂದ ಗಾಡಿ ಕೊಟ್ಟ ಅಣ್ಣನ ಮನೆ, ಜಮೀನಿಗೇ ಕುತ್ತು ಬರುತ್ತದೆ. ಪೆಟ್ಟಾದ ಮಗುವಿನ ತಾಯಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಟ್ರ್ಯಾಕ್ಟರ್ ಟ್ರೇಲರ್, ಗೂಡ್ಸ್ ಗಾಡಿಗಳಲ್ಲಿ ಜನರನ್ನು ಕೂರಿಸುವುದಂತೂ ಬೇಡವೇ ಬೇಡ. ಅವು ಇರುವುದು ಸಾಮಾನು ಸಾಗಿಸಲು. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾದರೆ ಏನು ಮಾಡಬೇಕು?

1. ಹಳದಿ ಬೋರ್ಡಿನ, ಪರ್ಮಿಟ್ ಇರುವ ಗಾಡಿಯನ್ನೇ ಗೊತ್ತು ಮಾಡಿ. ಆರ್‌ಸಿ, ಎಫ್‌ಸಿ, ಪರ್ಮಿಟ್, ವಿಮೆ, ಚಾಲಕರ ಲೈಸೆನ್ಸ್ ಎಲ್ಲದರ ತಾರೀಖು ನೋಡಿ, ಜೆರಾಕ್ಸ್ ಇಟ್ಟುಕೊಳ್ಳಿ.

2. ಜಾತ್ರೆ, ಧಾರ್ಮಿಕ ಕೂಟದಂಥ ವಿಶೇಷ ಸಂದರ್ಭಗಳಿಗೆ 87ನೇ ಕಲಮಿನಡಿ ತಾತ್ಕಾಲಿಕ ಪರ್ಮಿಟ್ ಕೊಡುವ ಅವಕಾಶವಿದೆ. ಗಾಡಿ ಮಾಲೀಕರೊಂದಿಗೆ ಆರ್‌ಟಿಒ ಕಚೇರಿಗೆ ಮುಂಚೆಯೇ ಹೋಗಿ, ಅರ್ಜಿ ಬರೆದು ಕೇಳಿ.

3. ಆರ್‌ಸಿಯಲ್ಲಿ ಬರೆದಷ್ಟೇ ಜನ ಕೂರಲಿ. ಹೆಚ್ಚಿಗೆ ಕೂರಿಸಿದರೆ ತಲೆಗೆ 200 ರೂಪಾಯಿ ದಂಡ. ಅಪಾಯದ ಲೆಕ್ಕ ಬೇರೆ.

4. ಮನೆಯ ಕಾರಿನಲ್ಲಿ ನಿಜವಾಗಿ ಉಚಿತವಾಗಿಯೇ ಕರೆದೊಯ್ಯುವುದಾದರೆ ವಿಮೆ ಯಾವುದು ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಒಳಗೆ ಕುಳಿತವರಿಗೆ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ ಇರಬೇಕು.

5. ಎತ್ತಿನ ಗಾಡಿ ಮೋಟಾರು ವಾಹನವಲ್ಲ, ಈ ಪರ್ಮಿಟ್ ಬೇಕಿಲ್ಲ. ಆದರೆ ಎತ್ತುಗಳಿಗೂ ಕಾನೂನಿದೆ: 1965ರ ನಿಯಮದಂತೆ ಒಂದೇ ಸಮನೆ ಐದು ಗಂಟೆಗಿಂತ, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಇದನ್ನು ಮುಂದಿನ ವಾರದ ಸಭೆಯಲ್ಲಿ ಓದಿ ಚರ್ಚಿಸಿ. ಸವಾರಿ ಇಡುವುದೇ ಆದರೆ ಯಾರ ಗಾಡಿ, ಯಾವ ಪರ್ಮಿಟ್, ಕಾಗದ ನೋಡಿದವರು ಯಾರು ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಕಾಗದ ಸರಿಯಿಲ್ಲ ಅಂದರೆ ಸವಾರಿ ಬಿಟ್ಟುಬಿಡೋಣ. ಆ ಜಾಗದಲ್ಲಿ ಇನ್ನೊಂದು ತಿಂಡಿ ಅಂಗಡಿ ಹಾಕಿದರಾಯಿತು.