ನೀಳ ಮುಖಕ್ಕೆ ಒಪ್ಪುವ ನೆರಳು-ಬೆಳಕು

ಮದುವೆಯ ಸೀಝನ್ ಬಂತೆಂದರೆ ಬ್ಯೂಟಿ ಪಾರ್ಲರ್‌ಗಳಿಗೆ ಬಿಡುವಿರುವುದಿಲ್ಲ. ಮದುಮಗಳು ಮಾತ್ರವಲ್ಲ, ಅವಳ ತಂಗಿ, ನಾದಿನಿ, ಚಿಕ್ಕಮ್ಮನ ಮಕ್ಕಳು ಎಲ್ಲರೂ ಮುಖ ಸಿಂಗರಿಸಿಕೊಂಡೇ ಹೊರಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹೆಂಗಸರ ನಡುವೆ, ಮನೆಯವರ ನಡುವೆ ಚೆಂದ ಕಾಣಬೇಕೆನ್ನುವುದು ಸಹಜ ಆಸೆ. ಆದರೆ ಒಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಒಂದೇ ಪಾರ್ಲರ್‌ನಿಂದ ಬಂದ ನಾಲ್ವರಲ್ಲಿ ಮೂವರ ಅಲಂಕಾರ ಒಪ್ಪುತ್ತದೆ, ನಾಲ್ಕನೆಯವಳ ಮುಖ ಮಾತ್ರ ಮೊದಲಿಗಿಂತ ಸೊರಗಿದಂತೆ ಕಾಣುತ್ತದೆ. ಹೆಚ್ಚಾಗಿ ಅವಳದು ಅಗಲ ಕಡಿಮೆಯ, ನೀಳವಾದ ಮುಖವಾಗಿರುತ್ತದೆ. ದುಂಡು ಮುಖವನ್ನು ತೆಳ್ಳಗೆ ತೋರಿಸಲು ಹಚ್ಚುವ ನೆರಳನ್ನು ಅವಳಿಗೂ ಹಚ್ಚಿರುತ್ತಾರೆ. ಮೊದಲೇ ತೆಳ್ಳಗಿರುವ ಮುಖ ಇನ್ನಷ್ಟು ತೆಳ್ಳಗಾಗಿ, ಜ್ವರ ಬಿಟ್ಟೆದ್ದವಳಂತೆ ಕಾಣದೆ ಇನ್ನೇನಾದೀತು?

ಆದ್ದರಿಂದ ಮುಖದ ಆಕಾರಕ್ಕೆ ತಕ್ಕಂತೆ ಅಲಂಕಾರ ಹೇಗಿರಬೇಕೆಂಬುದನ್ನು ಪಾರ್ಲರ್‌ನವರಿಗೇ ಬಿಟ್ಟುಬಿಡದೆ ನಾವೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ವಿಷಯ ಕಷ್ಟದ್ದೇನಲ್ಲ.

ಏನಿದು ಕಾಂಟೂರಿಂಗ್?

ಶಾಲೆಯಲ್ಲಿ ಚಿತ್ರ ಬಿಡಿಸಿದ್ದು ನೆನಪಿದೆಯೇ? ಬಿಳಿ ಹಾಳೆಯಲ್ಲಿ ಒಂದು ವೃತ್ತ ಬರೆದು, ಅದರ ಒಂದು ಬದಿಗೆ ಪೆನ್ಸಿಲಿನಿಂದ ತೆಳುವಾಗಿ ನೆರಳು ತುಂಬಿದರೆ ಅದು ಚೆಂಡಿನಂತೆ ಉಬ್ಬಿ ಕಾಣುತ್ತದೆ. ಕಪ್ಪಾದ ಭಾಗ ಹಿಂದೆ ಸರಿದಂತೆಯೂ ಬೆಳಕಿರುವ ಭಾಗ ಮುಂದೆ ಬಂದಂತೆಯೂ ನಮ್ಮ ಕಣ್ಣಿಗೆ ತೋರುತ್ತದೆ. ಮುಖದ ಮೇಲೂ ಇದೇ ಲೆಕ್ಕ. ಚರ್ಮದ ಬಣ್ಣಕ್ಕಿಂತ ತುಸು ಗಾಢವಾದ ಪೌಡರ್ ಅಥವಾ ಕ್ರೀಮ್ ಹಚ್ಚಿ ಒಂದು ಭಾಗವನ್ನು ಹಿಂದೆ ಸರಿಸುವುದು ಕಾಂಟೂರಿಂಗ್. ತುಸು ತಿಳಿಯಾದುದನ್ನು ಹಚ್ಚಿ ಇನ್ನೊಂದು ಭಾಗವನ್ನು ಮುಂದೆ ತರುವುದು ಹೈಲೈಟಿಂಗ್.

ಇದು ಹೊಸ ವಿದ್ಯೆಯಲ್ಲ. ನಾಟಕದ ರಂಗದಲ್ಲಿ, ಕಪ್ಪು-ಬಿಳುಪು ಸಿನಿಮಾಗಳಲ್ಲಿ ಬೆಳಕಿನ ಹೊಡೆತಕ್ಕೆ ಮುಖಗಳು ಚಪ್ಪಟೆಯಾಗಿ ಕಾಣದಿರಲಿ ಎಂದು ಬಣ್ಣಗಾರರು ಇದನ್ನು ಬಳಸುತ್ತಿದ್ದರು. 2012ರಲ್ಲಿ ಅಮೆರಿಕದ ಕಿಮ್ ಕಾರ್ಡಾಶಿಯನ್ ಅವರ ಮುಖದ ಮೇಲೆ ನೆರಳು-ಬೆಳಕಿನ ಪಟ್ಟೆಗಳಿದ್ದ ಒಂದು ಚಿತ್ರ ಅಂತರ್ಜಾಲದಲ್ಲಿ ಹರಿದಾಡಿದ ಮೇಲೆ ಇದು ಮನೆಮನೆಯ ಮಾತಾಯಿತು. ಹಾಗೆ ಹರಡಿದ ವಿಧಾನಗಳಲ್ಲಿ ಹೆಚ್ಚಿನವು ಮುಖವನ್ನು ತೆಳ್ಳಗೆ ತೋರಿಸುವಂಥವು. ನೀಳ ಮುಖದವರು ಅದನ್ನು ಹಾಗೆಯೇ ಅನುಕರಿಸಿದರೆ ಫಲ ತಿರುಗುಮುರುಗಾಗುವುದು ಇದಕ್ಕೇ.

ನಿಮ್ಮದು ನೀಳ ಮುಖವೇ?

ಕೂದಲನ್ನು ಹಿಂದಕ್ಕೆ ಕಟ್ಟಿ, ಹೊಲಿಗೆಯ ಟೇಪಿನಿಂದ ಹಣೆಯ ಮೇಲೆ ಕೂದಲು ಶುರುವಾಗುವಲ್ಲಿಂದ ಗಲ್ಲದ ತುದಿಯವರೆಗೆ ಅಳೆಯಿರಿ. ಬಳಿಕ ಎರಡೂ ಕೆನ್ನೆಮೂಳೆಗಳ ನಡುವಿನ ಅಗಲ ನೋಡಿ. ಉದ್ದವು ಅಗಲದ ಸುಮಾರು ಒಂದೂವರೆ ಪಟ್ಟು ಅಥವಾ ಅದಕ್ಕಿಂತ ಹೆಚ್ಚಿದ್ದು, ಹಣೆ, ಕೆನ್ನೆ, ದವಡೆ ಮೂರರ ಅಗಲವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ನಿಮ್ಮದು ನೀಳ ಮುಖವೆನ್ನಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೂಳೆಯ ರಚನೆಯಿಂದಲೇ ನೀಳವಾದ ಮುಖ ಬೇರೆ, ಇತ್ತೀಚೆಗೆ ಇಳಿದುಹೋದ ಮುಖ ಬೇರೆ. ಕೆಲವೇ ತಿಂಗಳಲ್ಲಿ ಕೆನ್ನೆ ಗುಳಿ ಬಿದ್ದು, ಮುಖ ಬಿಳಿಚಿಕೊಂಡು, ಸುಸ್ತೂ ಇದ್ದರೆ ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅದನ್ನು ಪೌಡರಿನಿಂದ ಮುಚ್ಚಿಡುವುದು ಜಾಣತನವಲ್ಲ.

ನೆರಳು ಎಲ್ಲಿ? ಬೆಳಕು ಎಲ್ಲಿ?

ನೀಳ ಮುಖಕ್ಕೆ ನೆನಪಿಡಬೇಕಾದ ಸೂತ್ರ ಒಂದೇ: ನೆರಳು ಮೇಲೆ ಮತ್ತು ಕೆಳಗೆ, ಬೆಳಕು ಎರಡು ಬದಿಗೆ. ಮೇಲೆ-ಕೆಳಗೆ ನೆರಳಿಟ್ಟರೆ ಉದ್ದ ಕುಗ್ಗುತ್ತದೆ. ಬದಿಯಲ್ಲಿ ಬೆಳಕಿದ್ದರೆ ಅಗಲ ಹಿಗ್ಗುತ್ತದೆ.

ಹಣೆ: ಕೂದಲಿನ ಅಂಚಿನುದ್ದಕ್ಕೂ ತೆಳುವಾಗಿ ನೆರಳು ಹಚ್ಚಿ, ಕೂದಲಿನ ಕಡೆಗೇ ಕರಗಿಸಿ. ಹಣೆಯ ನಡುವಿನಲ್ಲಿ ಮೇಲಿನಿಂದ ಕೆಳಗೆ ಹೈಲೈಟರ್ ಎಳೆಯಬೇಡಿ. ಅದು ಮುಖಕ್ಕೆ ಇನ್ನಷ್ಟು ಉದ್ದ ಕೊಡುತ್ತದೆ.

ಗಲ್ಲ: ಗಲ್ಲದ ತುದಿಯಲ್ಲಿ ಮತ್ತು ಅದರ ಕೆಳಗೆ ಸ್ವಲ್ಪ ನೆರಳು ಸಾಕು. ದವಡೆಯ ಎರಡು ಬದಿಗಳಿಗೆ ಹಚ್ಚಬೇಡಿ. ಅಲ್ಲಿ ಅಗಲವೇ ನಮಗೆ ಬೇಕಾಗಿರುವುದು.

ಕೆನ್ನೆ: ಹೆಚ್ಚಿನವರು ಎಡವುವುದು ಇಲ್ಲಿ. ಕಿವಿಯ ಬಳಿಯಿಂದ ಬಾಯಿಯ ಮೂಲೆಯ ಕಡೆಗೆ ಓರೆಯಾಗಿ ಎಳೆದ ಕಂದು ಗೆರೆ ನೀಳ ಮುಖಕ್ಕೆ ಹೇಳಿಸಿದ್ದಲ್ಲ. ಕೆನ್ನೆಮೂಳೆಯ ಕೆಳಗೆ ನೆರಳು ಬೇಕೇಬೇಕೆನಿಸಿದರೆ ಕಿವಿಯ ಬದಿಯಿಂದ ಅಡ್ಡಡ್ಡಲಾಗಿ, ಗಿಡ್ಡದಾಗಿ, ಬಹಳ ತೆಳುವಾಗಿ ಹಚ್ಚಿ ನಿಲ್ಲಿಸಿ. ಕೆನ್ನೆಯಲ್ಲಿ ಗುಳಿ ಇರುವವರಿಗೆ ಅದೂ ಬೇಡ. ಗುಳಿಗೆ ಮಿನುಗಿಲ್ಲದ ತಿಳಿ ಬಣ್ಣ ತುಸು ಹಚ್ಚಿದರೆ ಅದು ತುಂಬಿದಂತೆ ಕಾಣುತ್ತದೆ.

ಹೈಲೈಟರ್: ಕೆನ್ನೆಮೂಳೆಯ ಹೊರಭಾಗದಲ್ಲಿ ಹಚ್ಚಿ ಕಿವಿಯ ಕಡೆಗೆ ಒಯ್ಯಿರಿ. ಕಣ್ಣಿನ ಹೊರಮೂಲೆಯ ಪಕ್ಕದಲ್ಲಿ, ಕೆನ್ನೆತಲೆಯ ಬಳಿ ಸ್ವಲ್ಪ ಹಚ್ಚಬಹುದು. ಕಣ್ಣಿನ ಕೆಳಗೆ ಕನ್ಸೀಲರ್ ಹಚ್ಚುವಾಗಲೂ ಮೂಗಿನ ಕೆಳಗಿನವರೆಗೆ ಉದ್ದ ತ್ರಿಕೋನ ಬಿಡಿಸದೆ ಅಡ್ಡಲಾಗಿ ಹೊರಕ್ಕೆ ಹರಡಿ.

ಮೂಗು: ಉದ್ದ ಮೂಗಿಗೆ ತುದಿಯ ಕೆಳಗೆ ಮಾತ್ರ ತುಸು ನೆರಳು. ಮೂಗಿನ ಎರಡು ಬದಿಗೆ ಕಂದು ಗೆರೆ, ನಡುವೆ ಬೆಳ್ಳಗಿನ ಗೆರೆ ಎಳೆಯುವ ರೂಢಿ ಅಗಲ ಮೂಗಿನವರಿಗೆ ಸರಿ, ಇವರಿಗಲ್ಲ.

ಬ್ಲಶ್: ನಕ್ಕಾಗ ಉಬ್ಬುವ ಕೆನ್ನೆಯ ಭಾಗದಿಂದ ಶುರುಮಾಡಿ ಕಿವಿಯ ಕಡೆಗೆ ನೇರವಾಗಿ, ಅಡ್ಡಲಾಗಿ ಒಯ್ಯಿರಿ. ಮೇಲಕ್ಕೆ ಓರೆಯಾಗಿ ಎಳೆಯಬೇಡಿ. ಬೇರೇನೂ ಮಾಡದೆ ಇದೊಂದನ್ನು ಸರಿಯಾಗಿ ಮಾಡಿದರೂ ಮುಖ ತುಂಬಿಕೊಂಡಂತೆ ಕಾಣುತ್ತದೆ.

ಹುಬ್ಬು: ಕಮಾನಿನಂತೆ ಏರಿದ ಹುಬ್ಬು ಮುಖವನ್ನು ಉದ್ದ ಮಾಡುತ್ತದೆ, ನೇರವಾದ ಹುಬ್ಬು ಅಗಲ ಮಾಡುತ್ತದೆ. ಹುಬ್ಬು ಕಿತ್ತು ತೆಳ್ಳಗೆ ಮಾಡುವುದನ್ನು ಹದೀಸ್‌ಗಳಲ್ಲಿ ಹೇಗೂ ವಿರೋಧಿಸಲಾಗಿದೆ. ನೀಳ ಮುಖದವರಿಗಂತೂ ಅದು ಚೆಂದದ ದೃಷ್ಟಿಯಿಂದಲೂ ನಷ್ಟವೇ. ಇದ್ದ ಹುಬ್ಬನ್ನು ಬಾಚಿ, ಖಾಲಿ ಇರುವಲ್ಲಿ ಪೆನ್ಸಿಲಿನಿಂದ ತುಂಬಿದರಾಯಿತು.

ಬಣ್ಣದ ಆಯ್ಕೆ

ನೆರಳಿನ ಬಣ್ಣ ನಿಮ್ಮ ಚರ್ಮಕ್ಕಿಂತ ಒಂದೆರಡು ಛಾಯೆ ಮಾತ್ರ ಗಾಢವಾಗಿರಲಿ. ಅದರಲ್ಲಿ ಮಿನುಗು ಇರಬಾರದು, ಏಕೆಂದರೆ ನಿಜವಾದ ನೆರಳು ಮಿನುಗುವುದಿಲ್ಲ. ಕೆಂಪು ಅಥವಾ ಕಿತ್ತಳೆ ಛಾಯೆಯ ಕಂದಿಗಿಂತ ಬೂದು ಬೆರೆತ ಕಂದು ಸಹಜವಾಗಿ ಕಾಣುತ್ತದೆ. ದುಬಾರಿ ಪೆಟ್ಟಿಗೆಯೇ ಬೇಕೆಂದಿಲ್ಲ. ನಿಮ್ಮ ಮುಖಕ್ಕೆ ಹೊಂದುವ ಕಾಂಪ್ಯಾಕ್ಟ್‌ನ ಜೊತೆ ಅದೇ ಬಗೆಯ, ಒಂದು ಗಾಢ ಮತ್ತು ಒಂದು ತಿಳಿ ಛಾಯೆಯ ಕಾಂಪ್ಯಾಕ್ಟ್ ಇದ್ದರೆ ಮನೆಯ ಮಟ್ಟಿಗೆ ಸಾಕು. ಎಣ್ಣೆಚರ್ಮದವರಿಗೆ ಪೌಡರ್, ಒಣಚರ್ಮದವರಿಗೆ ಕ್ರೀಮ್ ಒಳ್ಳೆಯದು. ಸೆಕೆಗಾಲದಲ್ಲಿ ಮಿನುಗುವ ಹೈಲೈಟರ್ ಹೆಚ್ಚಾದರೆ ಬೆವರಿದಂತೆಯೇ ಕಾಣುತ್ತದೆ, ನೆನಪಿರಲಿ.

ಫೌಂಡೇಶನ್ ಆರಿಸುವಾಗ ಅಂಗೈಗೋ ಮಣಿಕಟ್ಟಿಗೋ ಹಚ್ಚಿ ನೋಡಬೇಡಿ. ದವಡೆಗೆ ಹಚ್ಚಿ, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಿ. ಮುಖಕ್ಕೂ ಕತ್ತಿಗೂ ವ್ಯತ್ಯಾಸ ಕಾಣದಿದ್ದರೆ ಅದೇ ನಿಮ್ಮ ಬಣ್ಣ. 'ಸ್ವಲ್ಪ ಬೆಳ್ಳಗೆ ಇರಲಿ' ಎಂದು ಒಂದು ಛಾಯೆ ತಿಳಿಯದನ್ನು ಕೊಂಡರೆ ಮುಖ ಬೂದಿ ಬಳಿದಂತಾಗುತ್ತದೆ. ನೀಳ ಮುಖಕ್ಕೆ ಬೇಕಾದದ್ದು ಅಗಲದ ಭಾವನೆಯೇ ಹೊರತು ಬಿಳುಪಲ್ಲ.

ಬೆಳ್ಳಗಾಗುವ ಆಸೆಯಿಂದ ಹೆಸರು-ವಿಳಾಸವಿಲ್ಲದ ಕ್ರೀಮ್ ಹಚ್ಚುವವರು ಒಂದು ವಿಷಯ ತಿಳಿದಿರಬೇಕು. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರು ಇಂಥ ಕ್ರೀಮ್ ಬಳಸುತ್ತಿದ್ದುದನ್ನು ವೈದ್ಯರು ಗುರುತಿಸಿದ್ದು 2023ರಲ್ಲಿ ಸುದ್ದಿಯಾಯಿತು. ಅವುಗಳಲ್ಲಿದ್ದ ಪಾದರಸವೇ ಕಾರಣವೆಂದು ಅವರು ಕಂಡುಕೊಂಡರು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕ್ರೀಮ್‌ಗಳಿಗೆ ಪಾದರಸ ಬೆರೆಸುವಂತಿಲ್ಲ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಯಾವುದನ್ನೂ ಕೊಳ್ಳಬೇಡಿ, ಅದು ವಿದೇಶದಿಂದ ಬಂದವರು ಕೊಟ್ಟ ಉಡುಗೊರೆಯಾಗಿದ್ದರೂ ಬಳಸಬೇಡಿ.

ಹಚ್ಚುವ ಕ್ರಮ

ಮುಖ ತೊಳೆದು, ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಫೌಂಡೇಶನ್ ತೆಳುವಾಗಿ ಹರಡಿ. ಕ್ರೀಮ್ ಬಳಸುವವರು ಈಗಲೇ ನೆರಳು-ಬೆಳಕು ಹಚ್ಚಿ, ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ತಟ್ಟಿ ಕರಗಿಸಿ, ಅನಂತರ ಪೌಡರ್ ಹಾಕಬೇಕು. ಪೌಡರ್ ಬಳಸುವವರು ಮೊದಲು ಮುಖಕ್ಕೆ ತೆಳುವಾಗಿ ಪೌಡರ್ ಹಾಕಿ, ಆಮೇಲೆ ಬ್ರಷ್‌ನಿಂದ ನೆರಳು-ಬೆಳಕು ಹಚ್ಚಲಿ. ಗೆರೆ ಕಾಣದಂತೆ ಕರಗಿಸುವುದೇ ಇದರ ಮುಖ್ಯ ಕೆಲಸ. ಕೊನೆಗೆ ಕಿಟಕಿಯ ಬಳಿ ನಿಂತು ಸಣ್ಣ ಕನ್ನಡಿಯಲ್ಲಿ ಎರಡೂ ಬದಿ ನೋಡಿಕೊಳ್ಳಿ. ಟ್ಯೂಬ್‌ಲೈಟಿನಲ್ಲಿ ಕಾಣದ ಗೆರೆ ಹಗಲಿನಲ್ಲಿ ಎದ್ದು ಕಾಣುತ್ತದೆ.

ಮದುಮಗಳಾದರೆ ಒಂದು ವಾರ ಮೊದಲೇ ಒಮ್ಮೆ ಹಚ್ಚಿ, ಫ್ಲಾಶ್ ಹಾಕಿ ಫೋಟೊ ತೆಗೆದು ನೋಡಿ. ಕೆಲವು ಪೌಡರ್‌ಗಳೂ ಸನ್‌ಸ್ಕ್ರೀನ್ ಇರುವ ಫೌಂಡೇಶನ್‌ಗಳೂ ಫ್ಲಾಶ್ ಬೆಳಕಿಗೆ ಬಿಳಿಚಿಕೊಳ್ಳುತ್ತವೆ. ಹೊಸ ವಸ್ತುವನ್ನು ಮೊದಲು ಕಿವಿಯ ಹಿಂದೆ ಹಚ್ಚಿ ಒಂದೆರಡು ದಿನ ಕಾದು, ತುರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಾಜಲ್, ಲಿಪ್‌ಸ್ಟಿಕ್, ಬ್ರಷ್‌ಗಳನ್ನು ನಾಲ್ಕು ಜನ ಹಂಚಿಕೊಂಡರೆ ಕಣ್ಣುಬೇನೆಯನ್ನೂ ಹಂಚಿಕೊಂಡಂತೆ.

ಶಾಲು ಮತ್ತು ವುಝೂ

ತಲೆಗೆ ಶಾಲು ಸುತ್ತುವ ನಮ್ಮವರಿಗೆ ಪಾರ್ಲರ್‌ನ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗದ ಒಂದು ಸಂಗತಿಯಿದೆ. ಶಾಲು ಕಿವಿಯನ್ನೂ ಕೆನ್ನೆಯ ಬದಿಯನ್ನೂ ಮುಚ್ಚುವುದರಿಂದ ನೀಳ ಮುಖ ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಆದ್ದರಿಂದ ಮೊದಲು ಶಾಲು ಸುತ್ತಿ ಕನ್ನಡಿ ನೋಡಿ, ಕಾಣುವ ಅಂಚು ಎಲ್ಲಿದೆಯೆಂದು ಗುರುತಿಸಿಕೊಂಡು, ಬೆಳಕನ್ನು ಆ ಅಂಚಿನವರೆಗೆ ಒಯ್ಯಿರಿ. ಶಾಲು ಕೂದಲಿನ ಅಂಚನ್ನು ಮುಚ್ಚಿ ಹಣೆಯ ಎತ್ತರವನ್ನು ತಾನೇ ಕಡಿಮೆ ಮಾಡುವುದರಿಂದ ಅಲ್ಲಿ ನೆರಳು ಹಚ್ಚುವ ಅಗತ್ಯವೇ ಇಲ್ಲ. ಕೆನ್ನೆಗೆ ಅಂಟಿದಂತೆ ಬಿಗಿಯಾಗಿ ಎಳೆದು ಪಿನ್ ಮಾಡುವ ಬದಲು ಬದಿಗಳಲ್ಲಿ ತುಸು ಸಡಿಲ ಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ.

ನೀರು ಚರ್ಮಕ್ಕೆ ತಲುಪದಂತೆ ತಡೆಯುವ ಪದರ ಮುಖದ ಮೇಲಿದ್ದರೆ ವುಝೂ ಪೂರ್ಣವಾಗುವುದಿಲ್ಲ. ವಾಟರ್‌ಪ್ರೂಫ್ ಫೌಂಡೇಶನ್ ಹಚ್ಚಿ, 'ಕೆಡುತ್ತದೆ' ಎಂದು ನಮಾಝ್ ಬಿಡುವವರನ್ನು ನಾವು ಮದುವೆಮನೆಗಳಲ್ಲಿ ಕಾಣುತ್ತೇವೆ. ಸಾವಿರಾರು ರೂಪಾಯಿಯ ಅಲಂಕಾರಕ್ಕಾಗಿ ಒಂದು ನಮಾಝನ್ನು ಬಿಟ್ಟುಕೊಡುವುದು ಲಾಭದ ವ್ಯಾಪಾರವೇ? ವುಝೂ ಮಾಡಿಯೇ ಅಲಂಕಾರಕ್ಕೆ ಕುಳಿತುಕೊಳ್ಳಬಹುದು, ಸಮಯವನ್ನು ನಮಾಝಿಗೆ ಹೊಂದಿಸಿಕೊಳ್ಳಬಹುದು. ತೆಳುವಾದ ಅಲಂಕಾರವಾದರೆ ತೆಗೆದು ಮತ್ತೆ ಹಚ್ಚಲು ಹೆಚ್ಚು ಹೊತ್ತೂ ಬೇಡ. ತೆಗೆಯುವಾಗ ಸ್ವಲ್ಪ ತೆಂಗಿನೆಣ್ಣೆ ಸವರಿ ಹತ್ತಿಯಿಂದ ಒರೆಸಿ, ಫೇಸ್‌ವಾಶ್‌ನಿಂದ ತೊಳೆಯಿರಿ. ಮೊಡವೆ ಬರುವವರು ಎಣ್ಣೆಯ ಬದಲು ಮೈಸೆಲ್ಲಾರ್ ವಾಟರ್ ಬಳಸಲಿ. ಅಲಂಕಾರದೊಂದಿಗೆ ಮಲಗಬೇಡಿ.

ಹೆಣ್ಣು ನೋಡುವ ದಿನ

ಕೊನೆಯದಾಗಿ ತಾಯಂದಿರಲ್ಲಿ ಒಂದು ಮಾತು. 'ಮುಖ ಸ್ವಲ್ಪ ಉದ್ದವಾಯಿತಲ್ಲ' ಎಂಬ ಒಂದು ಮಾತು ಹೆಣ್ಣು ನೋಡಲು ಬಂದವರ ಬಾಯಿಂದ ಬಿದ್ದರೆ ಅದು ಹುಡುಗಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಮಾತಿಗೆ ಹೆದರಿ, ಅಂದು ನೆರಳು-ಬೆಳಕಿನಿಂದ ಮುಖದ ಆಕಾರವನ್ನೇ ಬದಲಿಸಲು ಹೋಗಬೇಡಿ. ಸಂಬಂಧ ಬೆಳೆಸುವಾಗ ಮುಚ್ಚುಮರೆ ಸಲ್ಲದು. ನಾಳೆ ಜೊತೆಯಲ್ಲಿ ಬಾಳಬೇಕಾದವರು ಇಂದು ನಿಜವಾದ ಮುಖವನ್ನೇ ನೋಡಲಿ. ತೊಳೆದ ಮುಖ, ಬಾಚಿದ ಹುಬ್ಬು, ಕಣ್ಣಿಗೆ ಕಾಜಲ್ ಅಂದಿಗೆ ಧಾರಾಳ ಸಾಕು.

ನಿಕಾಹ್‌ನ ಸಂಭ್ರಮದಲ್ಲಿ, ಈದ್‌ನ ದಿನ, ಗಂಡನ ಮುಂದೆ ಸಿಂಗರಿಸಿಕೊಳ್ಳುವ ಸಂತೋಷ ಬೇರೆ. ಅಲ್ಲಿ ಮೋಸದ ಪ್ರಶ್ನೆಯೇ ಇಲ್ಲ, ಇರುವ ಮುಖಕ್ಕೆ ಇನ್ನಷ್ಟು ಬೆಳಕು ಕೊಡುವುದಷ್ಟೆ. ಪಾರ್ಲರ್ ಕುರ್ಚಿಯಲ್ಲಿ ಕುಳಿತಾಗ ನಿಮ್ಮ ಮಗಳು ಧೈರ್ಯವಾಗಿ ಹೇಳಲಿ: "ನನ್ನದು ನೀಳ ಮುಖ, ಕೆನ್ನೆಯ ಬದಿಗೆ ನೆರಳು ಬೇಡ, ನನ್ನ ಬಣ್ಣಕ್ಕಿಂತ ಬೆಳ್ಳಗಿನ ಫೌಂಡೇಶನ್ ಬೇಡ." ಇಷ್ಟು ಹೇಳಲು ಗೊತ್ತಿದ್ದರೆ ಕನ್ನಡಿಯಲ್ಲಿ ಅವಳಿಗೆ ಕಾಣುವುದು ಅಪರಿಚಿತಳ ಮುಖವಲ್ಲ, ಅವಳದೇ ಮುಖ.