ಗದ್ದಲ ಒಳಹೊಗುವ ಮುನ್ನ

ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ಸಾಮಾನ್ಯವಾಗಿ ಒಂದೆರಡು ಮಿಲಿವೋಲ್ಟಿನಷ್ಟು ಸಣ್ಣದು. ಸಭಾಂಗಣದ ಸ್ಪೀಕರನ್ನು ನಡೆಸಲು ಬೇಕಾದದ್ದು ಹತ್ತಾರು ವೋಲ್ಟು. ಈ ಸಾವಿರಾರು ಪಟ್ಟಿನ ಅಂತರವನ್ನು ತುಂಬಿಕೊಡುವ ಸರ್ಕ್ಯೂಟಿಗೆ ಆಂಪ್ಲಿಫೈಯರ್, ಅಂದರೆ ವರ್ಧಕ, ಎಂದು ಹೆಸರು. ಸಂಕೇತವನ್ನು ಹಿಗ್ಗಿಸುವುದು ಅಷ್ಟೇನೂ ಕಠಿಣವಲ್ಲ. ಆದರೆ ಹಾಡು ಯಾವುದು, ಹಾಡಿನ ಜೊತೆ ಸೇರಿಬಂದ ಗದ್ದಲ ಯಾವುದು ಎಂಬ ಭೇದ ವರ್ಧಕಕ್ಕೆ ತಿಳಿಯದಾದ್ದರಿಂದ, ಅದು ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಆದುದರಿಂದ ಈ ವಿನ್ಯಾಸಕಲೆಯ ನಿಜವಾದ ಹಿರಿಮೆ ಇರುವುದು ಗದ್ದಲವನ್ನು ಆಮೇಲೆ ಸೋಸುವುದರಲ್ಲಲ್ಲ, ಅದು ಒಳಹೊಗುವ ಬಾಗಿಲುಗಳನ್ನು ಮೊದಲೇ ಗುರುತಿಸುವುದರಲ್ಲಿ.

ಆ ಬಾಗಿಲುಗಳಲ್ಲಿ ಒಂದನ್ನು ಪೂರ್ತಿ ಮುಚ್ಚಲು ಸಾಧ್ಯವೇ ಇಲ್ಲ. ವಿದ್ಯುತ್ ಹರಿವಿಗೆ ತಡೆಯೊಡ್ಡುವ ರೆಸಿಸ್ಟರ್ ಎಂಬ ಬಿಡಿಭಾಗದೊಳಗೆ ಎಲೆಕ್ಟ್ರಾನುಗಳು ಶಾಖದ ಕಾರಣದಿಂದ ಸದಾ ಚಡಪಡಿಸುತ್ತಿರುತ್ತವೆ. ಈ ಚಡಪಡಿಕೆಯೇ ಸ್ಪೀಕರಿನಲ್ಲಿ ಸುಯ್ಯೆನ್ನುವ ಸದ್ದಾಗಿ ಕೇಳಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಜಾನ್ಸನ್ ಇದನ್ನು ಅಳೆದು 1928ರಲ್ಲಿ ಪ್ರಕಟಿಸಿದರು. ಅವರಂತೆಯೇ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಹ್ಯಾರಿ ನೈಕ್ವಿಸ್ಟ್ ಅದೇ ವರ್ಷ ಅದಕ್ಕೆ ಗಣಿತದ ವಿವರಣೆ ಕೊಟ್ಟರು. ಅವರ ಸೂತ್ರದಂತೆ ಲೆಕ್ಕ ಹಾಕಿದರೆ, ಕೋಣೆಯ ಉಷ್ಣತೆಯಲ್ಲಿರುವ 10,000 ಓಮ್‌ನ ರೆಸಿಸ್ಟರು, ಕಿವಿಗೆ ಕೇಳುವ 20,000 ಹರ್ಟ್ಸ್‌ವರೆಗಿನ ವ್ಯಾಪ್ತಿಯಲ್ಲಿ, ಸುಮಾರು 1.8 ಮೈಕ್ರೋವೋಲ್ಟಿನಷ್ಟು ಗದ್ದಲವನ್ನು ತಾನೇ ಹುಟ್ಟಿಸುತ್ತದೆ. 200 ಓಮ್‌ನದಾದರೆ ಅದು 0.25 ಮೈಕ್ರೋವೋಲ್ಟಿಗೆ ಇಳಿಯುತ್ತದೆ. ಮೈಕಿಗೆ ಅಂಟಿಕೊಂಡಿರುವ ಮೊದಲ ಹಂತದಲ್ಲಿ ಸಣ್ಣ ಮೌಲ್ಯದ ರೆಸಿಸ್ಟರುಗಳನ್ನೂ ಅತ್ಯುತ್ತಮ ಟ್ರಾನ್ಸಿಸ್ಟರನ್ನೂ ಬಳಸುವುದು ಇದಕ್ಕಾಗಿಯೇ. ಮೊದಲ ಹಂತ ಸಂಕೇತವನ್ನು ನೂರು ಪಟ್ಟು ಹಿಗ್ಗಿಸಿ ಮುಂದಕ್ಕೆ ಕೊಟ್ಟಮೇಲೆ, ಎರಡನೆಯ ಹಂತ ಸೇರಿಸುವ ಗದ್ದಲ ಅದರೆದುರು ನಗಣ್ಯವಾಗುತ್ತದೆ.

ಗುಂಯ್‌ಗುಡುವ ಸದ್ದಿನ ಮೂಲ ಬೇರೆ. ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸ್‌ನ ಮಿಡಿತ ಪಕ್ಕದ ಮೈಕ್ ತಂತಿಯೊಳಕ್ಕೆ ನುಸುಳುವುದರಿಂದ ಅದು ಹುಟ್ಟುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಬಹಳ ಸೊಗಸಾದದ್ದು: ಹೆಣೆದ ಎರಡು ತಂತಿಗಳಲ್ಲಿ ಒಂದೇ ಸಂಕೇತವನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಏರಿಳಿಯುವಂತೆ ಕಳುಹಿಸಿದರೆ, ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಅಂಟುತ್ತದೆ, ಇವೆರಡರ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಡಿಫರೆನ್ಷಿಯಲ್ ಆಂಪ್ಲಿಫೈಯರಿನಲ್ಲಿ ಆ ಸಮಾನ ಭಾಗ ಕಳೆದುಹೋಗಿ ಹಾಡು ಉಳಿಯುತ್ತದೆ.

ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ರೂಪಿಸಿದ ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಹೊರಬಂದ ಸಂಕೇತದ ಅಂಶವೊಂದನ್ನು ತಿರುಗುಮುರುಗು ಮಾಡಿ ಒಳಬರುವ ಸಂಕೇತಕ್ಕೆ ಸೇರಿಸುವ ಕ್ರಮ, ಸ್ವರದ ವಿಕೃತಿಯನ್ನು ಅಪಾರವಾಗಿ ತಗ್ಗಿಸಿತು. ಆದರೂ ಮೊದಲ ಹಂತದಲ್ಲೇ ಸೇರಿಹೋದ ಗದ್ದಲಕ್ಕೂ ಹಾಡಿಗೂ ಇರುವ ಅನುಪಾತವನ್ನು ಅದು ಉತ್ತಮಪಡಿಸಲಾರದು.

ಟೇಪಿನ ಗದ್ದಲವನ್ನು ತಗ್ಗಿಸಿದ ರೇ ಡಾಲ್ಬಿಯವರ ಉಪಾಯವೂ ಮುಂಜಾಗ್ರತೆಯದೇ. 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರರಾಗಿ ಭಾರತದಲ್ಲಿದ್ದ ಅವರು 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯ ಸ್ಥಾಪಿಸಿದರು. ಮುಂದೆ ಕ್ಯಾಸೆಟ್ಟುಗಳಲ್ಲಿ ಮನೆಮಾತಾದ ಡಾಲ್ಬಿ ಬಿ ವಿಧಾನದಲ್ಲಿ, ಮುದ್ರಿಸುವಾಗ ಮೆಲುವಾದ ಉಚ್ಚ ಸ್ವರಗಳನ್ನು ಮಾತ್ರ ಸುಮಾರು 10 ಡೆಸಿಬೆಲ್ ಏರಿಸಿ, ನುಡಿಸುವಾಗ ಅಷ್ಟೇ ಇಳಿಸಲಾಗುತ್ತದೆ. ನಡುವೆ ಟೇಪು ಸೇರಿಸಿದ ಸದ್ದು ಆ ಇಳಿಕೆಯೊಡನೆ ತಾನೂ ಅಡಗುತ್ತದೆ. ಜೋರಾದ ಸ್ವರ ಗದ್ದಲವನ್ನು ತಾನೇ ಮರೆಮಾಚುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ. ಆದರೆ ಹೀಗೆ ಮುದ್ರಿಸಿದ ಕ್ಯಾಸೆಟ್ಟನ್ನು ಈ ಸರ್ಕ್ಯೂಟಿಲ್ಲದ ಟೇಪ್‌ರೆಕಾರ್ಡರಿನಲ್ಲಿ ಹಾಕಿದರೆ, ಏರಿಸಿದ್ದನ್ನು ಇಳಿಸುವವರಿಲ್ಲದೆ ತಾಳ ಗೆಜ್ಜೆಗಳ ದನಿ ತೀಕ್ಷ್ಣವಾಗಿ ಕೇಳುತ್ತದೆ, ಟೇಪಿನ ಸುಯ್ಲೂ ಹಾಗೆಯೇ ಉಳಿಯುತ್ತದೆ.